ಬೂದಿಯ ಮೇಲೆ ನೆತ್ತರು

ಭೂತಗನ್ನಡಿಯ ಕೆಳಗೆ ಕತ್ತಿ ಮಲಗಿತ್ತು. ಪ್ರಾಪ್ತಿ ನೋಡುತ್ತಿದ್ದದ್ದು ಅಲಗನ್ನಲ್ಲ, ಹಿಡಿಯನ್ನು.

ಅಲಗನ್ನು ಎಲ್ಲರೂ ನೋಡಿ ಆಗಿತ್ತು. ಪೊಲೀಸರು ನೋಡಿದ್ದರು, ಪ್ರಯೋಗಾಲಯದವರು ನೋಡಿದ್ದರು, ಟೀವಿಯವರು ಅದರ ಫೋಟೋವನ್ನು ವಾರಗಟ್ಟಲೆ ತೋರಿಸಿ ಸುಸ್ತಾಗಿದ್ದರು. ಆದರೆ ಕೊಲೆಗಾರನ ಕೈ ಸುತ್ತಿಕೊಂಡದ್ದು ಹಿಡಿಯನ್ನು ತಾನೆ? ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡವರ ತಲೆಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವಳಿಗೆ ಒಳಗೊಳಗೇ ರೇಗುತ್ತಿತ್ತು.

ಈ ಪರದೇಶದ ನಗರದಾಚೆಗಿನ ಡುವಾಲ್‌ನ ಒಂಟಿ ಮನೆಯಲ್ಲಿ ಹಳೇ ಕತ್ತಿಗಳನ್ನು ಕೂಡಿಸಿಟ್ಟುಕೊಂಡಿದ್ದ ಸಿರಿಲ್ ಈ ಕತ್ತಿಯಿಂದಲೇ ಸತ್ತಿದ್ದ. ಕೊಂದವನೆಂದು ಜೈಲು ಸೇರಿದವನು ಅವನ ಅಣ್ಣನ ಮಗ ಲಾಯ್ಡ್. ಅವನನ್ನು ಬಿಡಿಸಿಕೊಡೆಂದು ಖಾಸಗಿ ಪತ್ತೇದಾರಿ ಪ್ರಾಪ್ತಿಯನ್ನು ಗೊತ್ತುಮಾಡಿದವಳು ಲಾಯ್ಡ್‌ನ ಹೆಂಡತಿ ಜೋಯ್ಸ್.

ಈಗ ಆ ಲಾಯ್ಡ್ ಮಹಾಶಯನೇ ಹೊಸ ತಲೆನೋವು ತಂದಿಟ್ಟಿದ್ದ. ಮುಂದಿನ ವಾರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಕಮ್ಮಿ ಶಿಕ್ಷೆ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದು ಕೂತಿದ್ದ. ಕಮ್ಮಿ ಎಂದರೆ ಹೊರಗೆ ಬರುವಷ್ಟರಲ್ಲಿ ತಲೆಯೆಲ್ಲ ನರೆತಿರುತ್ತದೆ. ಬೇಡವೆಂದು ಅವನ ಲಾಯರ್ ಅಭಿಲಾಷ್ ಬೇಡಿಕೊಂಡರೂ ಅವನು ಮುಖ ತಿರುಗಿಸಿಕೊಂಡಿದ್ದನಂತೆ. ಹಾಗಾಗಿ ಪ್ರಾಪ್ತಿಗೆ ಉಳಿದದ್ದು ಆ ಒಂದು ವಾರ, ಮತ್ತು ಕಣ್ಣೆದುರಿಗಿದ್ದ ಈ ಹಿಡಿ.

ಬರ್ಮಾದ ಶಾನ್ ಬೆಟ್ಟಗಳ ಕಡೆಯ ಕತ್ತಿ ಅದು. ಅಲ್ಲಿಯ ಜನ ‘ಧಾ’ ಎನ್ನುತ್ತಾರೆ. ಕೈಗೆ ಅಡ್ಡವಾಗಿ ತಡೆ ಇಲ್ಲ, ಮೊಳೆ ಇಲ್ಲ. ಅಲಗಿನ ಬಾಲವನ್ನು ಮರದ ಹಿಡಿಯೊಳಗೆ ಇಳಿಸಿ, ಕಾಯಿಸಿದ ಅರಗು ಸುರಿದು ಕೂರಿಸುತ್ತಾರೆ. ಮರದ ಎರಡೂ ತುದಿಗೆ ಕಾಗದದಷ್ಟು ತೆಳ್ಳಗೆ ಬಡಿದ ಬೆಳ್ಳಿತಗಡಿನ ಹೊದಿಕೆ. ಅದರ ಮೇಲೆ ಹೊಸೆದ ಬೆಳ್ಳಿತಂತಿಯ ಬಳೆಗಳು, ಒಂದಕ್ಕೊಂದು ಒತ್ತಿಕೊಂಡು. ತುದಿಯಲ್ಲಿ ತಾವರೆ ಮೊಗ್ಗು. ನಡುವೆ, ಅಂಗೈ ಕೂರುವ ಕಡೆ ಮಾತ್ರ ಬೆಳ್ಳಿ ಇಲ್ಲ. ಬೆವರಿದ ಕೈ ಜಾರಬಾರದೆಂದು ಅಲ್ಲಿ ಬೆತ್ತವನ್ನು ದಾರದ ಹಾಗೆ ಸೀಳಿ ಹೆಣೆದು, ಮೇಲೆ ಅರಗು ಬಳಿದಿದ್ದರು.

ತಂತಿ ಮತ್ತು ಹೆಣಿಗೆ. ಬೆರಳಚ್ಚು ಕೂರಲು ಒಂದು ಉಗುರಿನಷ್ಟೂ ನುಣುಪು ಜಾಗವಿಲ್ಲ. ಹಿಡಿಯ ಮೇಲೆ ಯಾರ ಬೆರಳಚ್ಚೂ ಸಿಗದಿದ್ದದ್ದಕ್ಕೆ ಕಾರಣ ಇಷ್ಟೇ ಇರಬಹುದು. ಪೊಲೀಸರು ಮಾತ್ರ ಕೊಲೆಗಾರ ಒರೆಸಿ ಹಾಕಿದ ಎಂದು ತೀರ್ಮಾನಿಸಿಬಿಟ್ಟಿದ್ದರು.

ಹಾಗೆ ತೀರ್ಮಾನಿಸಲು ಅವರಿಗೂ ಕಾರಣವಿತ್ತು ಅನ್ನಿ. ಸಾಯುವ ಹಿಂದಿನ ವಾರ ಸಿರಿಲ್ ತಾನೇ ತೆಗೆದ ಫೋಟೋದಲ್ಲಿ ಈ ಬೆಳ್ಳಿ ಕಾಡಿಗೆಯಷ್ಟು ಕಪ್ಪಗಿತ್ತು. ಹೆಣದ ಪಕ್ಕ ಸಿಕ್ಕಾಗ ಫಳಫಳ ಹೊಳೆಯುತ್ತಿತ್ತು. ಬೆಳ್ಳಿಯ ಕಪ್ಪನ್ನು ಸಿರಿಲ್ ದೇವರ ಹಾಗೆ ಕಾಪಾಡುತ್ತಿದ್ದ. ಅದು ಕತ್ತಿಯ ವಯಸ್ಸು, ಉಜ್ಜುವವರ ಕೈ ಕತ್ತರಿಸಬೇಕು ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಅಂಥವನು ತಾನೇ ಉಜ್ಜಿರಲಾರ. ತಂತಿಬಳೆಗಳ ಸಂದಿಯಲ್ಲಿ ಬೂದಿ ಕೂತಿತ್ತು. ಬೆತ್ತದ ಹೆಣಿಗೆಯಲ್ಲಿ ಕೆಂಪು ಕಣಗಳಿದ್ದವು; ರಕ್ತವಲ್ಲ, ಅರಿಶಿನ ಮತ್ತು ಸುಣ್ಣದ ಅಂಶ ಎಂದು ಪ್ರಯೋಗಾಲಯ ಹೇಳಿತ್ತು. ಆ ರಾತ್ರಿ ಲಾಯ್ಡ್ ಚಿಕ್ಕಪ್ಪನ ಮನೆಯಲ್ಲಿ ಮೀನುಸಾರು ಮಾಡಿದ್ದ, ಕಟ್ಟಿಗೆ ಒಲೆಗೆ ಬೆಂಕಿ ಹಾಕಿದ್ದ. ಬೂದಿ ಒಲೆಯದ್ದು, ಅರಿಶಿನ ಅಡುಗೆಯದ್ದು, ಎರಡೂ ಲಾಯ್ಡ್‌ನ ಕೈಯವು. ಕೇಸು ಮುಗಿಯಿತು!

ಪ್ರಾಪ್ತಿ ಮುಖವನ್ನು ಇನ್ನಷ್ಟು ಬಗ್ಗಿಸಿದಳು. ಠಾಣೆಯ ಆ ಕೋಣೆಯಲ್ಲಿ ಎದುರು ಕೂತ ಪೊಲೀಸ್ ಅಧಿಕಾರಿ ಮುಟ್ಟಬಾರದೆಂದು ಮತ್ತೆ ನೆನಪಿಸಿದ. ಅವಳು ಮುಟ್ಟಲಿಲ್ಲ, ಮೂಸಿದಳು.

ಬಹಳ ಸಣ್ಣ ವಾಸನೆ. ಪ್ಲಾಸ್ಟಿಕ್ ಚೀಲದೊಳಗೆ ಕೂತು ಕೂತು ಉಳಿದುಕೊಂಡದ್ದು. ಕಟ್ಟಿಗೆಯ ಹೊಗೆಯಲ್ಲ. ಉಡುಪಿಯಲ್ಲಿ ಅವಳ ಅಜ್ಜ ಬೆಳಿಗ್ಗೆ ಸ್ನಾನ ಮಾಡಿ ಹೊರಗೆ ಬಂದಾಗ ಬರುತ್ತಿದ್ದ ವಾಸನೆ.

ವಿಭೂತಿ. ಹಾಗಾದರೆ ಆ ಕೆಂಪು, ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆಗುವ ಕೆಂಪು, ಕುಂಕುಮ. ಸಿರಿಲ್ ಸತ್ತದ್ದು ಅಕ್ಟೋಬರಿನಲ್ಲಿ, ಆಯುಧಪೂಜೆಯ ದಿನ ರಾತ್ರಿ.

ಯಾರೋ ಈ ಕತ್ತಿಗೆ ಪೂಜೆ ಮಾಡಿದ್ದಾರೆ. ವಿಭೂತಿ ಹಾಕಿ ತಿಕ್ಕಿ ಬೆಳ್ಳಿ ಬೆಳಗಿಸಿ, ಕುಂಕುಮ ಇಟ್ಟಿದ್ದಾರೆ. ದಿನಾ ಶಿಲುಬೆಯ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದ ಸಿರಿಲ್‌ನ ಮನೆಯಲ್ಲಿ ವಿಭೂತಿ ಎಲ್ಲಿಂದ ಬರಬೇಕು?

ಅವಳು ಭೂತಗನ್ನಡಿಯನ್ನು ಅಲಗಿನ ಬುಡಕ್ಕೆ ಸರಿಸಿದಳು. ಅಲಗಿನಿಂದ ಇಳಿದ ರಕ್ತ ಮೊದಲ ತಂತಿಬಳೆಗಳ ಮೇಲೆ ಹರಿದು ಒಣಗಿತ್ತು. ಕೆಳಗೆ ಬಿಳಿ ಬೂದಿ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತ. ಕೊಂದಮೇಲೆ ಉಜ್ಜಿದ್ದರೆ ಇದು ತಿರುವುಮುರುವಾಗಿರಬೇಕಿತ್ತು.

ಅಧಿಕಾರಿಯನ್ನು ಕರೆದು ತೋರಿಸಿದಳು. ಆತ ಬಹಳ ಹೊತ್ತು ನೋಡಿದ. ಒಳ್ಳೆಯ ಮನುಷ್ಯನೇ, ಕಂಡದ್ದನ್ನು ಕಂಡಿಲ್ಲ ಎನ್ನಲಿಲ್ಲ. ಆದರೆ ಲಾಯ್ಡ್ ಅದೇ ಸಂಜೆ ಮೊದಲು ಉಜ್ಜಿ, ಆಮೇಲೆ ಕೊಂದಿರಬಹುದಲ್ಲ ಎಂದು ಕೇಳಿದ. ಉಜ್ಜಿದವರು ಬೇರೆ, ಕೊಂದವರು ಬೇರೆ ಅನ್ನುವುದಾದರೆ ಉಜ್ಜಿದವರನ್ನು ಕರೆದುಕೊಂಡು ಬನ್ನಿ, ಆಗ ಇಡೀ ಕೇಸನ್ನೇ ತಿರುಗಿ ನೋಡೋಣ ಎಂದ. ಪ್ರಾಪ್ತಿ ಕೋಟು ಎತ್ತಿಕೊಂಡಳು.

ಹೊರಗೆ ಜೋಯ್ಸ್ ಕಾರಿನಲ್ಲಿ ಕಾಯುತ್ತಿದ್ದಳು. ಪ್ರಾಪ್ತಿಯ ಕಾರು ರಿಪೇರಿಗೆ ಹೋಗಿತ್ತು, ನಾನು ಬಿಡುತ್ತೇನೆ ಎಂದು ಇವಳೇ ಬೆಳಿಗ್ಗೆ ಬಂದಿದ್ದಳು. ಗಂಡ ಜೈಲಿಗೆ ಹೋದಮೇಲೆ ಜೋಯ್ಸ್ ಅರ್ಧ ಆಗಿದ್ದಳು. ಕುತ್ತಿಗೆಯ ಶಿಲುಬೆ ಸರ ಎಲುಬಿನ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಪಾಪ ಅನ್ನಿಸಿತು. ಆ ಪಾಪ ಅನ್ನಿಸಿದ್ದೇ ತಪ್ಪಾಯಿತೇನೋ. ಕೇಸಿನ ಅರ್ಧ ದಾರಿಯಲ್ಲಿ ಯಾರಿಗೂ ಬಾಯಿ ಬಿಡದ ಪ್ರಾಪ್ತಿ, ಇವತ್ತು ಬೆಲ್ಟ್ ಹಾಕಿಕೊಳ್ಳುವ ಮೊದಲೇ ಬೂದಿ, ಕುಂಕುಮ, ಬೂದಿಯ ಮೇಲಿನ ರಕ್ತ, ಅಧಿಕಾರಿ ಹೇಳಿದ ಮಾತು ಎಲ್ಲವನ್ನೂ ಹೇಳಿಬಿಟ್ಟಳು.

ಜೋಯ್ಸ್ ರಸ್ತೆಯನ್ನೇ ನೋಡುತ್ತ ಕೇಳಿಸಿಕೊಂಡಳು. ನಂತರ, "ಬೂದಿ ಅಂದ್ರೆ ಒಲೆಯದ್ದೇ ಅಲ್ವಾ? ಅದ್ರಲ್ಲಿ ಎಂತ ಉಂಟು?" ಎಂದಳು.

ಒಲೆಯ ಬೂದಿಗೆ ಆ ವಾಸನೆ ಬರುವುದಿಲ್ಲವೆಂದು ಪ್ರಾಪ್ತಿ ಬಿಡಿಸಿ ಹೇಳಿದಳು. ಸಿರಿಲ್ ತನ್ನ ಕತ್ತಿಗಳ ಹತ್ತಿರ ಬಿಟ್ಟುಕೊಳ್ಳುತ್ತಿದ್ದದ್ದು ಕೆಲವೇ ಜನರನ್ನು. ಅವರಲ್ಲಿ ವಿಭೂತಿ ಇರುವ ಮನೆಯವನು ಒಬ್ಬನೇ, ಕ್ರಾಸ್‌ರೋಡ್ಸ್ ಬಡಾವಣೆಯ ಮಂಜುನಾಥ. ಫ್ರೀಮಾಂಟ್‌ನ ಆಫೀಸಿನಲ್ಲಿ ಜೋಯ್ಸ್‌ಳ ಜೊತೆ ಕೆಲಸ ಮಾಡುವವನು. ಫೋಟೋ ತೆಗೆಯುವ ಹುಚ್ಚಿದ್ದ ಅವನನ್ನು ಸಿರಿಲ್‌ಗೆ ಪರಿಚಯ ಮಾಡಿಸಿದವಳೂ ಇವಳೇ. ಆ ತಿಂಗಳು ಡುವಾಲ್ ಕಡೆಗೇ ಹೋಗಿಲ್ಲ, ಆ ಕತ್ತಿಯನ್ನು ಕಂಡೂ ಇಲ್ಲ ಎಂದು ಅವನು ಪೊಲೀಸರಿಗೆ ಹೇಳಿದ್ದ.

"ಅವ ಪಾಪದವ ಮಾರಾಯ್ತಿ," ಎಂದಳು ಜೋಯ್ಸ್. "ಮನೆಯಲ್ಲಿ ತಾಯಿ ಬೇರೆ ಇದ್ದಾರೆ. ಒಂದು ಫೋನ್ ಮಾಡಿ ಕೇಳಿದ್ರೆ ಸಾಕಾಗುದಿಲ್ವಾ?"

"ಫೋನಲ್ಲಿ ಮುಖ ಕಾಣುದಿಲ್ಲ. ಈಗಲೇ ಹೋಗುವ."

ತುಂತುರು ಹನಿಯ ನಡುವೆ ಕಾರು ಕ್ರಾಸ್‌ರೋಡ್ಸ್ ಸೇರಿ, ಒಂದೇ ಥರದ ಅಪಾರ್ಟ್‌ಮೆಂಟುಗಳ ಸಾಲಿನ ಹಿಂದೆ ನಿಂತಿತು. ತಾನು ಮೇಲೆ ಬರುವುದಿಲ್ಲ, ಅವನ ಮುಖ ನೋಡಿದರೆ ತನಗೆ ಅಳು ಬರುತ್ತದೆ ಎಂದಳು ಜೋಯ್ಸ್. ಪ್ರಾಪ್ತಿ ಒಬ್ಬಳೇ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದವರು ದೇವೀರಮ್ಮ. ಗುಂಡ್ಲುಪೇಟೆ ಕಡೆಯವರು, ಮಗನ ಮನೆಗೆಂದು ಬೇಸಿಗೆಯಲ್ಲಿ ಬಂದವರು. ಸೀರೆಯ ಮೇಲೆ ಮಗನ ಸ್ವೆಟರ್, ಕಾಲಿಗೆ ಉಲ್ಲನ್ ಸಾಕ್ಸ್, ಹಣೆಯಲ್ಲಿ ವಿಭೂತಿಯ ಅಡ್ಡಗೆರೆ. ಕನ್ನಡದ ಮುಖ ಕಂಡದ್ದೇ ಅವರಿಗೆ ಹಬ್ಬ. ಯಾರು, ಯಾಕೆ ಬಂದೆ ಎಂದು ಕೂಡ ಕೇಳದೆ ಒಳಗೆ ಕರೆದು, ಕೂರಿಸಿ, ಕಾಫಿಗೆ ಹಾಲಿಟ್ಟರು.

ಮಂಜುನಾಥ ಲ್ಯಾಪ್‌ಟಾಪ್ ಮುಚ್ಚಿ ಬಂದು ಎದುರು ಕೂತ. ಲಾಯ್ಡ್ ಪರವಾಗಿ ಬಂದಿದ್ದೇನೆ ಎಂದು ಪ್ರಾಪ್ತಿ ಹೇಳಿದಳು. ಅವನು ಲಾಯ್ಡ್ ಒಳ್ಳೆಯವನೆಂದ, ಸಿರಿಲ್ ಅಂಕಲ್ ಇನ್ನೂ ಒಳ್ಳೆಯವರಾಗಿದ್ದರು ಎಂದ, ತನಗೇನೂ ಗೊತ್ತಿಲ್ಲ ಎಂದ. ಪೊಲೀಸರಿಗೆ ಹೇಳಿದ್ದನ್ನೇ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ.

ಪ್ರಾಪ್ತಿ ಅಡ್ಡ ಮಾತಾಡದೆ ಕೇಳಿದಳು. ಆಮೇಲೆ ಕತ್ತಿಯ ಹಿಡಿಯನ್ನು ಒಂದೊಂದು ತಂತಿಯಾಗಿ ವರ್ಣಿಸಿದಳು. ಮೊಗ್ಗಿನ ಎಸಳುಗಳ ನಡುವೆ ಏನು ಸಿಕ್ಕಿತು, ಬೆತ್ತದ ಮೇಲಿನ ಅರಗು ನೀರು ಬಿದ್ದು ಹೇಗೆ ಬೆಳ್ಳಗೆ ಮಬ್ಬಾಗಿದೆ, ಎಲ್ಲ.

"ಅದು ವಿಭೂತಿ, ಮಂಜುನಾಥ್."

"ಇರಬಹುದು. ವಿಭೂತಿ ಯಾರ ಮನೇಲಿ ಇರಲ್ಲ ಮೇಡಂ? ನಿಮ್ಮನೇಲೂ ಇರುತ್ತೆ."

"ನಮ್ಮನೇಲಿದೆ. ಸಿರಿಲ್ ಮನೇಲಿಲ್ಲ."

ಅವನು ಅಡುಗೆಮನೆಯ ಕಡೆ ನೋಡಿದ. ದೇವೀರಮ್ಮ ಲೋಟಗಳನ್ನು ಹಿಡಿದು ಬರುತ್ತಿದ್ದರು. ಈ ಹೆಂಗಸನ್ನು ಮಾತಿಗೆ ಎಳೆಯುವುದು ಪ್ರಾಪ್ತಿಗೆ ಹಿಡಿಸಲಿಲ್ಲ. ಕಾಫಿ ಕೊಟ್ಟ ಕೈಯಿಂದಲೇ ಮಗನ ಮೇಲೆ ಸಾಕ್ಷಿ ಪಡೆಯುವ ಕೆಲಸ ಅದು, ಹೇಸಿಗೆ ಅನ್ನಿಸಿತು. ಆದರೆ ಲಾಯ್ಡ್ ಹೋಗಿ ತಪ್ಪೊಪ್ಪಿಕೊಂಡರೆ ಮುಗಿಯಿತು, ಆಮೇಲೆ ಯಾವ ಬೂದಿ ತೋರಿಸಿದರೂ ಕೇಳುವವರಿಲ್ಲ. ಲೋಟ ತೆಗೆದುಕೊಂಡು, ದೇವರ ಮುಂದಿನ ದೀಪ ಕನ್ನಡಿಯ ಹಾಗಿದೆ, ಈ ದೇಶದಲ್ಲಿ ಬೆಳ್ಳಿಯನ್ನು ಯಾವುದರಲ್ಲಿ ಬೆಳಗುತ್ತೀರಿ ಎಂದು ಕೇಳಿದಳು.

"ಅಮ್ಮ, ನೀನು ರೂಮಿಗೆ ಹೋಗು," ಎಂದ ಮಂಜುನಾಥ.

ಆ ದನಿ ದೇವೀರಮ್ಮನಿಗೆ ಹೊಸದು. ಮಗನ ಮುಖ ನೋಡಿದರು, ಬಂದವಳ ಮುಖ ನೋಡಿದರು. ಹೊರಗಿನವರ ಮುಂದೆ ಗದರಿಸಿಕೊಂಡ ಅವಮಾನಕ್ಕೋ ಏನೋ, ಹೋಗುವ ಬದಲು ಅಲ್ಲೇ ಕುರ್ಚಿ ಎಳೆದು ಕೂತರು.

"ಇಬೂತಿ ಗಟ್ಟಿ ಪುಡಿ ಮಾಡ್ಕಂಡು ಉಜ್ಜೋದು ಕಣವ್ವ. ಆ ಕತ್ತಿ ಹಿಡಿನೂ ಅಂಗೇ ಉಜ್ಜಿದ್ದು," ಎಂದರು. "ಏನ್ ಕಪ್ಪಿಟ್ಟೋಗಿತ್ತು ಅಂತೀಯ. ಬೆಳ್ಳಿ ಅಂತ್ಲೇ ಗೊತ್ತಾಯ್ತಿರ್ಲಿಲ್ಲ."

ದೇವೀರಮ್ಮ ತಮ್ಮ ಪಾಡಿಗೆ ಹೇಳುತ್ತ ಹೋದರು. ಆಯುಧಪೂಜೆ ದಿನ ಮನೆಯಲ್ಲಿ ಪೂಜೆಗೆ ಇಡಲು ಒಂದು ಕುಡುಗೋಲೂ ಇಲ್ಲ, ಈಳಿಗೆಮಣೆಯೂ ಇಲ್ಲ. ಲ್ಯಾಪ್‌ಟಾಪು, ಕಾರಿನ ಕೀ ಇಟ್ಟು ಪೂಜೆ ಮಾಡುವುದೆಂದರೆ ಅವರಿಗೆ ಮನಸ್ಸೇ ಬರಲಿಲ್ಲ. ಕೋಟು ತೂಗುಹಾಕುವ ಕಪಾಟಿನಲ್ಲಿ ಟವೆಲಿನಲ್ಲಿ ಸುತ್ತಿದ ಕತ್ತಿ ಸಿಕ್ಕಾಗ ದೇವರೇ ಕಳಿಸಿದ ಹಾಗಾಯಿತು. ಮಗ ಆಫೀಸಿನಿಂದ ಬರುವಷ್ಟರಲ್ಲಿ ಮಧ್ಯಾಹ್ನವೆಲ್ಲ ಕೂತು ತಿಕ್ಕಿ, ತೊಳೆದು, ಕುಂಕುಮ ಇಟ್ಟು, ಹೂ ಏರಿಸಿ, ಅವರ ಅಪ್ಪ ಮಾಡುತ್ತಿದ್ದ ಹಾಗೇ ಪೂಜೆ ಮಾಡಿದರು. ಹೊಳೆಯುವ ಹಿಡಿಯನ್ನು ಕಂಡು ಮಗ ಸಂತೋಷಪಡುತ್ತಾನೆ ಎಂದುಕೊಂಡಿದ್ದರು. ಅವನು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟನಂತೆ.

"ಇವ್ನಿಗೆ ಏನಾಯ್ತೋ ಕಾಣೆ. ಬೆಳ್ಳಿ ಬೆಳಗಿದ್ರೆ ತಪ್ಪಾ, ನೀನೇ ಹೇಳವ್ವ."

ಆ ಕತ್ತಿಗೆ ಆಮೇಲೆ ಏನಾಯಿತು ಎಂಬುದು ಈ ತಾಯಿಗೆ ಗೊತ್ತೇ ಇಲ್ಲ, ಮಗ ಟೀವಿಯನ್ನೂ ಸುದ್ದಿಯನ್ನೂ ಇವರಿಂದ ದೂರ ಇಟ್ಟಿದ್ದಾನೆ. ಅದು ಪ್ರಾಪ್ತಿಗೆ ಅರ್ಥವಾಯಿತು.

ಅವಳು ಮಂಜುನಾಥನ ಕಡೆ ತಿರುಗಿದಳು. ದನಿ ತಗ್ಗಿಸಿಯೇ ಮಾತಾಡಿದಳು. ಕತ್ತಿಯನ್ನು ಸಿರಿಲ್‌ಗೆ ಹೇಳದೆ ತಂದಿದ್ದೀರಿ, ಅಮ್ಮ ಉಜ್ಜಿಬಿಟ್ಟರು, ಅದೇ ಸಂಜೆ ಡುವಾಲ್‌ಗೆ ಒಯ್ದಿರಿ, ಸಿರಿಲ್ ಹಿಡಿಯನ್ನು ನೋಡಿ ಕೂಗಾಡಿದ, ಕತ್ತಿ ನಿಮ್ಮ ಕೈಯಲ್ಲೇ ಇತ್ತು. ಇದರಲ್ಲಿ ಯಾವುದು ಸುಳ್ಳು ಹೇಳಿ ಎಂದಳು.

ತನ್ನ ವೀಸಾ ಕಂಪನಿಯ ಕೈಯಲ್ಲಿದೆ ಎಂದ ಮಂಜುನಾಥ. ಪೊಲೀಸರು ಒಮ್ಮೆ ಮನೆಗೆ ಬಂದರೆ ಅಮ್ಮನನ್ನೂ ಕೂರಿಸಿ ಕೇಳುತ್ತಾರೆ, ತಾನು ಬೆಳಗಿದ ಕತ್ತಿಯಲ್ಲಿ ಒಬ್ಬರು ಸತ್ತರು ಅಂತ ಗೊತ್ತಾದರೆ ಅವಳು ಉಳಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಗಡಬಡಿಸಿ ಹೇಳಿದ. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

"ಲಾಯ್ಡ್ ನಿಮ್ಮ ಬದಲು ಜೈಲಲ್ಲಿ ಕೂತಿದಾನೆ," ಎಂದಳು ಪ್ರಾಪ್ತಿ. "ಮುಂದಿನ ವಾರ ತಪ್ಪೊಪ್ಪಿಕೊಳ್ತಾನೆ. ಅವನಿಗೂ ಒಬ್ಬ ತಾಯಿ ಇದ್ದಾಳೆ."

"ನನ್ನ ಬದಲು ಅಲ್ಲ."

"ಮತ್ತೆ ಕತ್ತಿ ತಂದವರು ಯಾರು?"

ಇಬ್ಬರ ಜಗಳ ಏನೆಂದು ತಿಳಿಯದ ದೇವೀರಮ್ಮ, ಮಗನ ಮೇಲೆ ಕಳ್ಳತನದ ಅಪವಾದ ಬಂತೆಂದಷ್ಟೇ ತಿಳಿದು ನಡುವೆ ಬಂದರು.

"ಇವ್ನ್ಯಾಕ್ ತಂದಾನವ್ವ? ಇವ್ನ್ ಜೊತೆ ಕೆಲ್ಸ ಮಾಡೋ ಹುಡ್ಗಿ ತಂದು ಮಡಗಿದ್ದು. ಪಟ ತಕ್ಕೊಡು ಅಂತ ಬೆಳಿಗ್ಗೆ ಕೊಟ್ಟೋದ್ಲು, ಸಂದೆಗೆ ಬಂದು ಅವ್ಳೇ ತಕ್ಕಂಡೋದ್ಲು. ಹಿಡಿ ನೋಡಿ ನನ್ ಮೇಲೆ ಏನ್ ಕೂಗಾಡುದ್ಲು ಅಂತೀಯ."

ಪ್ರಾಪ್ತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಯಾವ ಹುಡುಗಿ ಎಂದು ಅವಳು ಕೇಳಬೇಕಾಗಲಿಲ್ಲ. ಮಂಜುನಾಥನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹೇಳಿದ.

"ಜೋಯ್ಸ್. ಮಾರನೇ ದಿನ ಕಾಲ್ ಮಾಡಿದ್ಲು. ಕತ್ತಿ ನಿಮ್ಮನೇಲಿತ್ತು ಅಂತ ಹೊರಗೆ ಬಂದ್ರೆ ಮೊದಲು ನಿನ್ನನ್ನೇ ಎತ್ತಾಕ್ಕೊಂಡು ಹೋಗ್ತಾರೆ, ನಿಮ್ಮಮ್ಮನ್ನೂ ಬಿಡಲ್ಲ ಅಂದ್ಲು. ಲಾಯ್ಡ್ ಹೇಗಿದ್ರೂ ಬಿಡುಗಡೆ ಆಗ್ತಾನೆ, ನೀನು ಸುಮ್ನಿರು ಅಂದ್ಲು. ನಾನು ಸುಮ್ನಿದ್ದೆ."

ಗಂಡನೂ ಹೊರಗೆ ಬರಲಿ, ತಾನೂ ಸಿಗದಿರಲಿ ಎಂದು ತನ್ನನ್ನು ಗೊತ್ತುಮಾಡಿದವಳು. ಬೆಳಿಗ್ಗೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಿಸಿದವಳು. ಲಾಯ್ಡ್ ಯಾರನ್ನು ಉಳಿಸಲು ಬಾಯಿ ಮುಚ್ಚಿಕೊಂಡು ಕೂತಿದ್ದಾನೆ ಎಂಬುದೂ ಈಗ ತಿಳಿಯಿತು. ಇದಕ್ಕಿಂತ ಹೆಚ್ಚಾಗಿ ಪ್ರಾಪ್ತಿಯನ್ನು ಕೊರೆದದ್ದು ತನ್ನ ಬಾಯಿಯೇ. ಹಿಡಿಯಲ್ಲಿ ಕಂಡದ್ದೆಲ್ಲವನ್ನೂ ಅವಳಿಗೆ ಹೇಳಿಯಾಗಿತ್ತು. ಉಜ್ಜಿದವರು ಸಿಕ್ಕರೆ ಕೇಸು ತಿರುಗುತ್ತದೆ ಎಂದೂ ಹೇಳಿಯಾಗಿತ್ತು. ಆ ಉಜ್ಜಿದವರು ಇಲ್ಲೇ, ಮಗನ ಸ್ವೆಟರ್ ತೊಟ್ಟು, ಕಾಫಿ ಆರಿಹೋಗುತ್ತೆ ಕುಡಿಯವ್ವ ಎನ್ನುತ್ತಿದ್ದರು.

ಅವಳು ಫೋನ್ ತೆಗೆದು ಆ ಅಧಿಕಾರಿಯ ನಂಬರ್ ಒತ್ತಿದಳು. ಆ ಕಡೆ ರಿಂಗ್ ಆಗುತ್ತಿತ್ತು. ಮಂಜುನಾಥ ಬಾಲ್ಕನಿಯ ಗಾಜಿನ ಬಳಿ ಹೋಗಿ ಕೆಳಗೆ ನೋಡಿ, "ನೀವು ಯಾವ ಕಾರಲ್ಲಿ ಬಂದ್ರಿ?" ಎಂದು ಕೇಳಿದ. ಬೂದು ಬಣ್ಣದ ಕಾರು ಎಂದಳು. ಕಾರು ಇದೆ, ಒಳಗೆ ಯಾರೂ ಇಲ್ಲ ಎಂದ ಅವನು.

ಬಾಗಿಲ ಗಂಟೆ ಸದ್ದು ಮಾಡಿತು.

ಪ್ರಾಪ್ತಿ ಎದ್ದಳು. ತೆಗೆಯಬೇಡಿ ಎಂದು ಅವಳು ಹೇಳಿದ್ದೂ, ಅಮ್ಮಾ ಎಂದು ಮಂಜುನಾಥ ಕರೆದದ್ದೂ ಒಂದರ ಮೇಲೊಂದು ಬಿದ್ದು ಯಾವುದೂ ಸ್ಪಷ್ಟವಾಗಲಿಲ್ಲ. ಬಾಗಿಲಿಗೆ ಹತ್ತಿರ ಕೂತಿದ್ದವರು ದೇವೀರಮ್ಮ. ಮನೆಗೆ ಬಂದವರನ್ನು ಕಾಯಿಸಿ ಗೊತ್ತಿಲ್ಲದ ಆ ಹೆಂಗಸು ಆಗಲೇ ಹೋಗಿ ಬಾಗಿಲು ತೆಗೆದಿದ್ದರು.

ಹೊಸ್ತಿಲಲ್ಲಿ ಜೋಯ್ಸ್ ನಿಂತಿದ್ದಳು. ಒಂದು ಕೈ ಕೋಟಿನ ಜೇಬಿನಲ್ಲಿತ್ತು.

"ಬಾರವ್ವ, ಬಾ," ಎಂದರು ದೇವೀರಮ್ಮ, ಮುಖ ಅರಳಿಸಿ. "ನಿನ್ ಕತ್ತಿ ಇಸ್ಯನೇ ಮಾತಾಡ್ತಿದ್ವಿ. ಅವತ್ತಿನ ಕ್ವಾಪ ಇನ್ನೂ ಐತೇನವ್ವ?"

ಜೋಯ್ಸ್ ಅವರನ್ನು ದಾಟಿ ಪ್ರಾಪ್ತಿಯ ಮುಖ ನೋಡಿದಳು, ಅವಳ ಕಿವಿಯ ಬಳಿ ಇನ್ನೂ ರಿಂಗ್ ಆಗುತ್ತಿದ್ದ ಫೋನನ್ನು ನೋಡಿದಳು. ಬೂಟು ಬಿಚ್ಚದೆ ಒಳಗೆ ಬಂದಳು. ದೇವೀರಮ್ಮನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು, ಅವರನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಬೆನ್ನಿನಿಂದ ಬಾಗಿಲು ದೂಡಿ ಮುಚ್ಚಿದಳು.

"ಇಲ್ಲ ಅಮ್ಮ," ಎಂದಳು. "ಕೋಪ ಎಂತದ್ದು."